ಅಳೆಯಬಲ್ಲ ನಿಯಮ, ಒಂದೇ ತಕ್ಕಡಿಯ ತೀರ್ಪು: ವಿದ್ಯಾರ್ಥಿ ರೇಸ್ ಕಾರ್ ಸ್ಪರ್ಧೆ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಕಾಲೇಜು ಮಟ್ಟದಲ್ಲಿ ಫಾರ್ಮುಲಾ ಮಾದರಿಯ ಕಾರು ಅಥವಾ ಇ-ಕಾರ್ಟ್ ಸ್ಪರ್ಧೆ ಏರ್ಪಡಿಸುವವರೂ, ದೊಡ್ಡ ಸ್ಪರ್ಧೆಗೆ ಹೊರಡುವ ಮುನ್ನ ತಮ್ಮ ತಂಡದ ಕಾರಿಗೆ ತಾವೇ ತಪಾಸಣೆ ಮಾಡಿ ನೋಡುವ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ವರ್ಷ ವರ್ಷವೂ ಒಂದೇ ಜಾಗದಲ್ಲಿ ಎಡವುತ್ತಾರೆ. ಅವಘಡವೊಂದು ಕೂದಲೆಳೆಯಲ್ಲಿ ತಪ್ಪಿದ ಮೇಲೆ ನಿಯಮ ಪುಸ್ತಕಕ್ಕೆ ಒಂದು ಪುಟ ಸೇರುತ್ತದೆ. ಮರುವರ್ಷ ಆ ಪುಟವನ್ನು ಒಬ್ಬ ತಪಾಸಕರು ಒಂದು ರೀತಿ, ಪಕ್ಕದ ಮೇಜಿನವರು ಇನ್ನೊಂದು ರೀತಿ ಓದುತ್ತಾರೆ. ತಂಡಗಳು ವಾದಕ್ಕೆ ನಿಲ್ಲುತ್ತವೆ. ಸಂಜೆಯಾಗುತ್ತಿದ್ದಂತೆ ಸಾಲು ಕರಗಿಸುವ ಅವಸರದಲ್ಲಿ ‘ಪಾಸ್’ ಎಂಬ ಸ್ಟಿಕರ್ ಅಂಟಿಸಿ ಕಾರನ್ನು ಟ್ರ್ಯಾಕಿಗೆ ಬಿಡಲಾಗುತ್ತದೆ. ಯಾರು, ಯಾವ ಸಲಕರಣೆ ಹಿಡಿದು, ಕಾರಿನ ಯಾವ ಜಾಗದಲ್ಲಿ ಅಳೆಯುತ್ತಾರೆ ಎಂದು ಯೋಚಿಸದೆ ಬರೆದ ನಿಯಮ ಎಷ್ಟೇ ಕಠಿಣವಾಗಿದ್ದರೂ ಪಿಟ್‌ನಲ್ಲಿ, ಎಂದರೆ ಕಾರುಗಳ ರಿಪೇರಿ ಮತ್ತು ತಪಾಸಣೆ ನಡೆಯುವ ಜಾಗದಲ್ಲಿ, ಬಾಳುವುದಿಲ್ಲ. ಹಾಗಾಗಿ ಇಲ್ಲಿ ಹೇಳಿರುವುದು ನಿಯಮವನ್ನು ತಪಾಸಣೆಯ ಮೇಜಿನಿಂದ ಹಿಂದಕ್ಕೆ ಬರೆದುಕೊಂಡು ಹೋಗುವ ಕ್ರಮ.

## ಕೈಯಲ್ಲಿ ಇರಬೇಕಾದ ಸಲಕರಣೆ

ವರ್ನಿಯರ್ ಕ್ಯಾಲಿಪರ್, ಡಿಜಿಟಲ್ ಕೋನಮಾಪಕ, ಟಾರ್ಕ್ ರೆಂಚ್, ಕೊಳವೆಯ ಗೋಡೆಯ ದಪ್ಪ ಅಳೆಯುವ ಅಲ್ಟ್ರಾಸೋನಿಕ್ ಗೇಜ್, ಸಿ-ವೇಟಿಂಗ್ ಇರುವ ಶಬ್ದಮಾಪಕ, ಎರಡು ಸ್ಟಾಪ್‌ವಾಚ್, ಬಣ್ಣದ ಮಾರ್ಕರ್, ಸೀಮೆಸುಣ್ಣ ಮತ್ತು ನಿಧಾನಗತಿಯ ವಿಡಿಯೊ ತೆಗೆಯಬಲ್ಲ ಎರಡು ಫೋನ್ ಬೇಕು. ವಿದ್ಯುತ್ ಕಾರುಗಳಿದ್ದರೆ 1000 ವೋಲ್ಟ್ ದರ್ಜೆಯ ಮಲ್ಟಿಮೀಟರ್, ಇನ್ಸುಲೇಶನ್ ಟೆಸ್ಟರ್, ರಬ್ಬರ್ ಕೈಗವಸು, ಮುಖಗವಚ, ಇನ್ಸುಲೇಟೆಡ್ ಸ್ಪ್ಯಾನರ್‌ಗಳು ಮತ್ತು ಓಮ್ ಮೌಲ್ಯ ಗುರುತಿಸಿದ ರೆಸಿಸ್ಟರ್‌ಗಳ ಒಂದು ಪೆಟ್ಟಿಗೆಯೂ ಇರಬೇಕು.

ಇವುಗಳ ಜೊತೆಗೆ ಪ್ಲೈವುಡ್ಡಿನಲ್ಲಿ ಒಂದು ‘ಪರ್ಸಿ’ ಮಾಡಿಸಿಕೊಳ್ಳಿ. ನೂರು ಗಂಡಸರಲ್ಲಿ ತೊಂಬತ್ತೈದು ಮಂದಿಗಿಂತ ದೊಡ್ಡ ಮೈಕಟ್ಟಿನ ಚಾಲಕನನ್ನು ಪ್ರತಿನಿಧಿಸುವ ಈ ಬೊಂಬೆಗೆ ಸೊಂಟ ಮತ್ತು ಭುಜದ ಜಾಗದಲ್ಲಿ 200 ಮಿಲಿಮೀಟರ್ ವ್ಯಾಸದ ಎರಡು ವೃತ್ತಗಳು, ತಲೆಯ ಜಾಗದಲ್ಲಿ 300 ಮಿಲಿಮೀಟರಿನ ಒಂದು ವೃತ್ತ ಇರುತ್ತವೆ. ಸೊಂಟದಿಂದ ಭುಜಕ್ಕೆ ಕೇಂದ್ರಗಳ ಅಂತರ 490, ಭುಜದಿಂದ ತಲೆಗೆ 280 ಮಿಲಿಮೀಟರ್. ಬಡಗಿಯೊಬ್ಬರು ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ ಇದು. ಇದಿಲ್ಲದೆ ‘ಎತ್ತರದ ಚಾಲಕನಿಗೂ ಜಾಗ ಇದೆ’ ಎಂದು ಕಣ್ಣಂದಾಜಿನಲ್ಲಿ ಬರೆದ ಷರಾ ಅಳತೆಯ ಲೆಕ್ಕಕ್ಕೆ ಬರುವುದಿಲ್ಲ.

## ಹಂತ 1: ಮೂಲ ಪುಸ್ತಕವನ್ನು ಆರಿಸಿ, ಬದಲಾವಣೆಯನ್ನು ಮಾತ್ರ ಬರೆಯಿರಿ

ಹೊಸದಾಗಿ ಸ್ಪರ್ಧೆ ಆರಂಭಿಸುವವರ ಮೊದಲ ತಪ್ಪು, ನಾಲ್ಕು ಪುಸ್ತಕಗಳಿಂದ ತುಣುಕು ತೆಗೆದು ಐದನೆಯದನ್ನು ಹೊಲಿಯುವುದು. ವಿದ್ಯಾರ್ಥಿ ಕಾರು ಸ್ಪರ್ಧೆಗಳಾದ ಅಮೆರಿಕದ ಎಫ್‌ಎಸ್‌ಎಇ (ಫಾರ್ಮುಲಾ ಎಸ್‌ಎಇ) ಪುಸ್ತಕ ಮತ್ತು ಫಾರ್ಮುಲಾ ಸ್ಟೂಡೆಂಟ್ ಜರ್ಮನಿಯ ಪುಸ್ತಕ ಹೊರನೋಟಕ್ಕೆ ಅಣ್ಣತಮ್ಮಂದಿರಂತಿದ್ದರೂ ಅಳತೆಯ ವಿಧಾನದಲ್ಲಿ ಹಲವೆಡೆ ಬೇರೆಯಾಗುತ್ತವೆ. ಕಾರನ್ನು ಪಕ್ಕಕ್ಕೆ ಓರೆ ಮಾಡಿ ನೋಡುವ ವಾಲುಮೇಜಿನ ಪರೀಕ್ಷೆಯನ್ನೇ ನೋಡಿ: ಎಫ್‌ಎಸ್‌ಎಇಯಲ್ಲಿ ದ್ರವ ಸೋರಿಕೆಯನ್ನು 45 ಡಿಗ್ರಿಯಲ್ಲೂ ಉರುಳುವಿಕೆಯನ್ನು 60 ಡಿಗ್ರಿಯಲ್ಲೂ ನೋಡುತ್ತಾರೆ, ಜರ್ಮನಿಯಲ್ಲಿ ಎರಡನ್ನೂ 60 ಡಿಗ್ರಿಯಲ್ಲೇ ನೋಡುತ್ತಾರೆ. ಒಂದು ಪುಸ್ತಕದ ಮಿತಿಗೆ ಇನ್ನೊಂದು ಪುಸ್ತಕದ ವಿಧಾನವನ್ನು ಜೋಡಿಸಿದರೆ ತಂಡಗಳಿಗೆ ವಾದಿಸಲು ನೀವೇ ಪಾಯಿಂಟ್ ಒದಗಿಸಿದಂತೆ.

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಜರ್ಮನಿಯ ನಿಯಮಗಳನ್ನು ಆಧಾರವಾಗಿಟ್ಟುಕೊಂಡಿದೆ. ನಿಮ್ಮ ವಿದ್ಯಾರ್ಥಿಗಳು ಮುಂದೆ ಅಲ್ಲಿಗೇ ಹೋಗುವವರಾದರೆ ಅದೇ ಪುಸ್ತಕವನ್ನು ಮೂಲವಾಗಿಟ್ಟು, ನಿಮ್ಮ ಬದಲಾವಣೆಗಳನ್ನು ಪ್ರತ್ಯೇಕ ಪೂರಕ ಪಟ್ಟಿಯಾಗಿ ಬರೆಯಿರಿ. ಪಟ್ಟಿಯ ಪ್ರತಿ ಸಾಲಿನಲ್ಲಿ ಮೂಲ ನಿಯಮದ ಸಂಖ್ಯೆ, ಬದಲಾದ ಪಠ್ಯ ಮತ್ತು ಜಾರಿಯ ದಿನಾಂಕ ಇರಲಿ. ಆಮೇಲೆ ಪುಸ್ತಕದ ಆವೃತ್ತಿಯನ್ನು ಮುಚ್ಚಿಬಿಡಿ. ‘ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದೆವಲ್ಲ’ ಎನ್ನುವುದು ನಿಯಮದ ಪ್ರಕಟಣೆಯಾಗುವುದಿಲ್ಲ.

## ಹಂತ 2: ಅಪಾಯದಿಂದ ಆರಂಭಿಸಿ, ಪರೀಕ್ಷೆಯನ್ನು ಮೊದಲು ಬರೆಯಿರಿ

ನಿಯಮದ ವಾಕ್ಯಕ್ಕೆ ಕೈ ಹಾಕುವ ಮುನ್ನ ಒಂದು ಹಾಳೆಯಲ್ಲಿ ಐದು ಕಲಂ ಎಳೆಯಿರಿ: ಅಪಾಯ, ಅದು ಸಂಭವಿಸುವ ಬಗೆ, ಅದನ್ನು ಪತ್ತೆ ಹಚ್ಚುವ ಪರೀಕ್ಷೆ, ಪರೀಕ್ಷೆಗೆ ಬೇಕಾದ ಸಲಕರಣೆ, ತಿರಸ್ಕರಿಸುವ ಮಿತಿ. ಮೂರನೆಯ ಕಲಂ ಖಾಲಿ ಉಳಿದರೆ ಆ ನಿಯಮವನ್ನು ಈ ವರ್ಷ ಬರೆಯಬೇಡಿ, ಅಥವಾ ಸ್ಪರ್ಧೆಗೆ ಮುನ್ನವೇ ದಾಖಲೆ ಪರಿಶೀಲಿಸುವ ನಿಯಮವಾಗಿ ಅದನ್ನು ಬದಲಾಯಿಸಿ.

ಮುಂಭಾಗದ ಇಂಪ್ಯಾಕ್ಟ್ ಅಟೆನ್ಯುಯೇಟರ್ ಇದಕ್ಕೆ ಒಳ್ಳೆಯ ಮಾದರಿ. ಡಿಕ್ಕಿಯ ಆಘಾತ ಹೀರುವ ಆ ಭಾಗವನ್ನು ಪಿಟ್‌ನಲ್ಲಿ ಜಜ್ಜಿ ನೋಡಲು ಸಾಧ್ಯವಿಲ್ಲ. ಆದ್ದರಿಂದ ನಿಯಮವು 300 ಕಿಲೋಗ್ರಾಂ ಕಾರು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದನ್ನು ಕಲ್ಪಿಸಿಕೊಂಡು ಕನಿಷ್ಠ 7350 ಜೂಲ್ ಶಕ್ತಿ ಹೀರಿಕೆಯನ್ನೂ, ಸರಾಸರಿ 20 ಜಿ (ಗುರುತ್ವದ 20 ಪಟ್ಟು) ಮತ್ತು ಗರಿಷ್ಠ 40 ಜಿ ಮೀರದ ವೇಗಕುಸಿತವನ್ನೂ ಕೇಳುತ್ತದೆ. ತಂಡ ಲ್ಯಾಬ್ ಪರೀಕ್ಷೆಯ ವರದಿಯನ್ನು ಮೊದಲೇ ಸಲ್ಲಿಸುತ್ತದೆ. ತಪಾಸಕರು ಪಿಟ್‌ನಲ್ಲಿ ವರದಿಯಲ್ಲಿರುವ ವಸ್ತುವೇ ಕಾರಿನಲ್ಲಿದೆಯೇ ಎಂದಷ್ಟೇ ತಾಳೆ ನೋಡುತ್ತಾರೆ. ಎಲ್ಲಿ ಅಳೆಯಬೇಕೋ ಅಲ್ಲಿ ಅಳೆಯುವುದು, ಎಲ್ಲಿ ಹೋಲಿಸಬೇಕೋ ಅಲ್ಲಿ ಹೋಲಿಸುವುದು ಎಂದರೆ ಇದೇ.

ಬ್ರೇಕ್ ಪೆಡಲ್ ನಿಯಮ ಇದಕ್ಕೆ ವಿರುದ್ಧದ ಉದಾಹರಣೆ. ಪೆಡಲ್ 2000 ನ್ಯೂಟನ್ ಬಲ ತಡೆಯಬೇಕು ಎಂದು ಪುಸ್ತಕ ಹೇಳುತ್ತದೆ. ಪರೀಕ್ಷೆಗೆ ಬಂದಾಗ, ಸೀಟಿನಲ್ಲಿ ಕೂತ ಯಾವುದೇ ಅಧಿಕಾರಿ ತನ್ನ ಶಕ್ತಿಯೆಲ್ಲ ಹಾಕಿ ಒತ್ತಿ ನೋಡಬಹುದು ಎನ್ನುತ್ತದೆ. ಯಾರ ಕಾಲು ಎಂಬುದರ ಮೇಲೆ ಫಲಿತಾಂಶ ನಿಂತಿತು! ಕಾಲಿನ ಬದಲು ಪೆಡಲ್‌ಗೂ ಸೀಟಿಗೂ ನಡುವೆ ಸಣ್ಣ ಸ್ಕ್ರೂ ಜಾಕ್ ಮತ್ತು ಲೋಡ್ ಸೆಲ್ ಇಟ್ಟರೆ ಎಲ್ಲ ಕಾರಿಗೂ ಒಂದೇ ಬಲ ಬೀಳುತ್ತದೆ. ಎಷ್ಟು ಬಲಕ್ಕೆ ಒತ್ತುವಿರಿ ಎಂಬುದನ್ನು ಮಾತ್ರ ಪೂರಕ ಪಟ್ಟಿಯಲ್ಲಿ ಮೊದಲೇ ಪ್ರಕಟಿಸಿರಬೇಕು.

## ಹಂತ 3: ವಾಕ್ಯವನ್ನು ಎರಡು ಅರ್ಥಕ್ಕೆ ಆಸ್ಪದವಿಲ್ಲದಂತೆ ಕಟ್ಟಿರಿ

‘ಸಾಕಷ್ಟು’, ‘ಸೂಕ್ತ’, ‘ಗಟ್ಟಿಯಾಗಿ’, ‘ಚಾಲಕನಿಗೆ ತೊಂದರೆಯಾಗದಂತೆ’ ಎಂಬ ಪದಗಳನ್ನು ಕರಡಿನಿಂದ ಹೊಡೆದು ಹಾಕಿ. ಕಡ್ಡಾಯ, ನಿಷೇಧ, ಸಲಹೆ ಈ ಮೂರಕ್ಕೆ ಮೂರು ಬೇರೆ ಕ್ರಿಯಾರೂಪ ಇಟ್ಟುಕೊಂಡು ಪುಸ್ತಕದ ಉದ್ದಕ್ಕೂ ಬಿಡದೆ ಬಳಸಿ. ಕನ್ನಡದ ಕಾನೂನು ಬರವಣಿಗೆಯಲ್ಲಿ ಇದಕ್ಕೆ ಅನುಕೂಲವಾದ ರೂಪಗಳು ಸಿದ್ಧವಾಗಿಯೇ ಇವೆ: ‘ಇರತಕ್ಕದ್ದು’ ಎಂದರೆ ಕಡ್ಡಾಯ, ‘ಇರತಕ್ಕದ್ದಲ್ಲ’ ಎಂದರೆ ನಿಷೇಧ, ‘ಇದ್ದರೆ ಉತ್ತಮ’ ಎಂದರೆ ಸಲಹೆ. ‘ಬೇಕು’ ಎಂಬ ಪದ ಮನೆಮಾತಿನಲ್ಲಿ ಮೂರನ್ನೂ ಹೊರುವುದರಿಂದ ನಿಯಮದ ವಾಕ್ಯಕ್ಕೆ ಅದು ಒಗ್ಗುವುದಿಲ್ಲ. ಅಧಿಕೃತ ಪುಸ್ತಕ ಇಂಗ್ಲಿಷಿನಲ್ಲೇ ಇದ್ದರೂ ಸ್ವಯಂಸೇವಕರಿಗೆ ತರಬೇತಿ ಕೊಡುವುದು ಕನ್ನಡದಲ್ಲೇ ಆದ್ದರಿಂದ ಈ ವ್ಯತ್ಯಾಸವನ್ನು ಬಾಯಲ್ಲೂ ಕಾಪಾಡಬೇಕು.

ಪ್ರತಿ ಮಿತಿಗೆ ಅಳೆಯುವ ಬಿಂದುವನ್ನು ಸೇರಿಸಿ. ‘ಹೆಲ್ಮೆಟ್‌ಗೆ 50 ಮಿಲಿಮೀಟರ್ ಅಂತರ’ ಎಂದರೆ ಅರ್ಧ ನಿಯಮ. ಮೇನ್ ಹೂಪ್‌ನ (ಚಾಲಕನ ಹಿಂದಿನ ರಕ್ಷಣಾ ಕಮಾನು) ತುದಿಯಿಂದ ಫ್ರಂಟ್ ಹೂಪ್‌ನ (ಸ್ಟಿಯರಿಂಗ್ ಬಳಿಯ ಕಮಾನು) ತುದಿಗೆ ಎಳೆದ ನೇರಗೆರೆಯಿಂದ, ಬೆಲ್ಟ್ ಬಿಗಿದು ಸಹಜವಾಗಿ ಕೂತ ಚಾಲಕನ ಹೆಲ್ಮೆಟ್‌ವರೆಗೆ ಎಂದು ಸೇರಿಸಿದಾಗ ನಿಯಮ ಪೂರ್ತಿಯಾಗುತ್ತದೆ. ನಿಯಮದ ಕೆಳಗೆ ಉದ್ದೇಶವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಯಾರೂ ಊಹಿಸದ ವಿನ್ಯಾಸವೊಂದು ಮುಂದೆ ಬಂದು ನಿಂತಾಗ ತಪಾಸಕರಿಗೆ ಆ ಸಾಲೇ ದಿಕ್ಕು ತೋರಿಸುತ್ತದೆ.

## ಹಂತ 4: ಚೆಕ್‌ಶೀಟ್ ಮಾಡಿ, ಒಂದೇ ಕಾರನ್ನು ಇಬ್ಬರಿಂದ ಅಳೆಸಿ

ಚೆಕ್‌ಶೀಟಿನಲ್ಲಿ ‘ಸರಿ / ತಪ್ಪು’ ಎಂಬ ಎರಡು ಚೌಕ ಮಾತ್ರ ಇದ್ದರೆ ತಪಾಸಕರು ಅಳೆಯದೆಯೂ ಗುರುತು ಹಾಕಬಹುದು. ಸಂಖ್ಯೆ ಬರೆಯಲು ಜಾಗ ಬಿಡಿ: ಮೇನ್ ಹೂಪ್ ಕೊಳವೆಯ ಗೋಡೆಯ ದಪ್ಪ ಎಷ್ಟು ಮಿಲಿಮೀಟರ್, ಭುಜದ ಬೆಲ್ಟಿನ ಕೋನ ಎಷ್ಟು ಡಿಗ್ರಿ, ಶಬ್ದ ಎಷ್ಟು ಡೆಸಿಬಲ್. ಸಂಖ್ಯೆ ಬರೆಯಬೇಕಾದ ಕೈ ಸಲಕರಣೆಯನ್ನು ಎತ್ತಿಕೊಳ್ಳಲೇಬೇಕಾಗುತ್ತದೆ.

ಸ್ಪರ್ಧೆಗೆ ಒಂದು ವಾರ ಮುಂಚೆ ಹಳೆಯ ಕಾರೊಂದನ್ನು ತರಿಸಿ, ಅದರಲ್ಲಿ ಬೇಕೆಂದೇ ಎಂಟು ಹತ್ತು ದೋಷಗಳನ್ನಿಟ್ಟು, ತಪಾಸಕರನ್ನು ಒಬ್ಬೊಬ್ಬರಾಗಿ ಕಳುಹಿಸಿ. ಇಬ್ಬರು ಬರೆದ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಎಲ್ಲಿ ಸಂಖ್ಯೆಗಳು ಹೊಂದುವುದಿಲ್ಲವೋ ಅಲ್ಲಿ ವಿಧಾನದ ವಿವರಣೆ ಸಾಲದಾಗಿದೆ ಎಂದರ್ಥ. ತಪಾಸಕರನ್ನು ಬೈಯುವ ಮೊದಲು ಚೆಕ್‌ಶೀಟನ್ನು ತಿದ್ದಿ. ಇಡಬೇಕಾದ ದೋಷಗಳಲ್ಲಿ ಇವು ತಪ್ಪದೇ ಇರಲಿ: ಬೋಲ್ಟಿನ ತುದಿ ಎರಡು ಥ್ರೆಡ್ಡಿನಷ್ಟು ಹೊರಬರದ ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿರುವ ಲಾಕ್ ನಟ್), ಬ್ರೇಕ್ ಡಿಸ್ಕಿನ ಬಿಸಿ ತಾಗುವ ಜಾಗದಲ್ಲಿ ಹಾಕಿದ ನೈಲಾಕ್ ನಟ್, ಲಾಕ್ ನಟ್ಟಿನ ಬದಲು ಥ್ರೆಡ್ ಅಂಟನ್ನೇ ನಂಬಿದ ಸಸ್ಪೆನ್ಶನ್ ಬೋಲ್ಟ್, ತಿರುವಿಕೊಂಡ ಲ್ಯಾಪ್ ಬೆಲ್ಟ್. ಮೂರನೆಯದನ್ನು ಹಿಡಿಯುವವರು ಕಡಿಮೆ. ಅಂಟು ಒಣಗಿದ ಬೋಲ್ಟ್ ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ. ಆದರೆ ಥ್ರೆಡ್ ಅಂಟನ್ನು ಯಾವ ಪುಸ್ತಕವೂ ಧನಾತ್ಮಕ ಲಾಕಿಂಗ್ (ಬೋಲ್ಟ್ ತಾನಾಗಿ ಸಡಿಲಗೊಳ್ಳದಂತೆ ತಡೆಯುವ ಯಾಂತ್ರಿಕ ವ್ಯವಸ್ಥೆ) ಎಂದು ಒಪ್ಪುವುದಿಲ್ಲ.

## ಹಂತ 5: ತಪಾಸಣೆಯ ಕ್ರಮವನ್ನು ಕದಲಿಸಬೇಡಿ

ವಿದ್ಯುತ್ ಕಾರಿಗೆ ಕ್ರಮ ಹೀಗಿರಲಿ: ಚಾಲಕರ ಉಡುಪು ಮತ್ತು ಅಗ್ನಿಶಾಮಕಗಳ ಪೂರ್ವ ತಪಾಸಣೆ, ಬ್ಯಾಟರಿ, ವಿದ್ಯುತ್, ಯಾಂತ್ರಿಕ, ವಾಲುಮೇಜು, ತೂಕ, ಮಳೆ (ನೀರು ಸಿಂಪಡಿಸಿ ನೋಡುವ ಪರೀಕ್ಷೆ), ಕೊನೆಗೆ ಬ್ರೇಕ್. ಪೆಟ್ರೋಲ್ ಕಾರಿಗೆ ಬ್ಯಾಟರಿ, ವಿದ್ಯುತ್ ಮತ್ತು ಮಳೆಯ ಬದಲು ಶಬ್ದ ಪರೀಕ್ಷೆ ಬರುತ್ತದೆ. ಕಾರು ತನ್ನ ಬಲದಿಂದ ಓಡುವುದು ಬ್ರೇಕ್ ಪರೀಕ್ಷೆಯಲ್ಲೇ ಮೊದಲು. ಅದಕ್ಕೆ ಮುಂಚಿನದೆಲ್ಲ ಕೈಯಿಂದ ತಳ್ಳಿಕೊಂಡೇ ಹೋಗತಕ್ಕದ್ದು. ‘ಬ್ರೇಕ್ ಲೇನ್ ಖಾಲಿ ಇದೆ, ಅದನ್ನು ಮೊದಲು ಮುಗಿಸಿಬಿಡೋಣ’ ಎಂಬ ಕೋರಿಕೆ ದಿನಕ್ಕೆ ನಾಲ್ಕು ಸಲ ಬರುತ್ತದೆ. ಒಪ್ಪಿದರೆ, ಹಾರ್ನೆಸ್ (ಚಾಲಕನ ಬೆಲ್ಟ್ ಜೋಡಣೆ) ನೋಡದ ಕಾರಿನಲ್ಲಿ ಚಾಲಕನನ್ನು ಪೂರ್ಣ ವೇಗಕ್ಕೆ ಕಳುಹಿಸಿದ ಹೊಣೆ ನಿಮ್ಮ ತಲೆಗೆ ಬರುತ್ತದೆ.

### ಚಾಲಕ ಹೊರಬರುವ ಪರೀಕ್ಷೆ

ಐದು ಸೆಕೆಂಡಿನಲ್ಲಿ ಹೊರಬರಬೇಕು ಎಂಬುದು ಎಲ್ಲರಿಗೂ ಗೊತ್ತು; ಗಡಿಯಾರ ಎಲ್ಲಿ ಆರಂಭವಾಗುತ್ತದೆ ಎಂಬುದರಲ್ಲಿ ಮೋಸ ನಡೆಯುತ್ತದೆ. ಚಾಲಕ ಸಂಪೂರ್ಣ ಉಡುಪಿನಲ್ಲಿ, ಬೆಲ್ಟ್ ಬಿಗಿದು, ಎರಡೂ ಕೈ ಸ್ಟಿಯರಿಂಗ್ ಮೇಲೆ ಓಡಿಸುವ ಭಂಗಿಯಲ್ಲಿ, ಕಾಲು ಪೆಡಲ್ ಮೇಲೆ ಇಟ್ಟಿರಬೇಕು. ಒಬ್ಬ ತಪಾಸಕರು ಕೂಗಿದ ಕ್ಷಣದಲ್ಲೇ ಇಬ್ಬರು ಬೇರೆ ಬೇರೆಯಾಗಿ ಗಡಿಯಾರ ಒತ್ತಬೇಕು. ಕಾಕ್‌ಪಿಟ್‌ನ ಶಟ್‌ಡೌನ್ ಬಟನ್ ಒತ್ತಿದ್ದನ್ನು ಮೂರನೆಯವರು ನೋಡಬೇಕು. ಎರಡೂ ಪಾದ ನೆಲ ಮುಟ್ಟಿದಾಗ ನಿಲ್ಲಿಸಬೇಕು. ಬೆಲ್ಟನ್ನು ಸಡಿಲ ಬಿಟ್ಟುಕೊಂಡು ಕೂರುವುದು ಹಳೆಯ ಚಾಲಾಕಿತನ. ಗಡಿಯಾರಕ್ಕೆ ಮುನ್ನ ಭುಜದ ಪಟ್ಟಿಯನ್ನು ನೀವೇ ಎಳೆದು ನೋಡಿ. ತಂಡ ತನ್ನ ಅತ್ಯಂತ ಚುರುಕಿನ ಚಾಲಕನನ್ನು ಮುಂದೆ ತಳ್ಳುತ್ತದೆ. ಪಟ್ಟಿಯಲ್ಲಿರುವ ಎಲ್ಲ ಚಾಲಕರನ್ನೂ ಪರೀಕ್ಷಿಸಿ.

### ಇನ್ಸುಲೇಶನ್ ಮಾನಿಟರ್ ಪರೀಕ್ಷೆ

ಇನ್ಸುಲೇಶನ್ ಮಾನಿಟರ್ ಎಂದರೆ ಅಧಿಕ ವೋಲ್ಟೇಜ್ ವಿದ್ಯುತ್ ಚಾಸಿಗೆ, ಎಂದರೆ ಕಾರಿನ ಚೌಕಟ್ಟಿಗೆ, ಸೋರುತ್ತಿದೆಯೇ ಎಂದು ಕಾಯುವ ಸಾಧನ. ತಪಾಸಕರೇ ಹೆಚ್ಚಾಗಿ ತಪ್ಪುವ ಪರೀಕ್ಷೆ ಇದು. ಅಧಿಕ ವೋಲ್ಟೇಜ್ ಮಂಡಲಕ್ಕೂ ಚಾಸಿಗೂ ನಡುವೆ ರೆಸಿಸ್ಟರ್ ಒಂದನ್ನು ಜೋಡಿಸಿ ಕೃತಕ ಸೋರಿಕೆ ಉಂಟುಮಾಡಿದಾಗ ಕಾರು 30 ಸೆಕೆಂಡಿನೊಳಗೆ ತಾನೇ ಸ್ಥಗಿತಗೊಳ್ಳಬೇಕು. ರೆಸಿಸ್ಟರಿನ ಮೌಲ್ಯ ಗರಿಷ್ಠ ವೋಲ್ಟೇಜಿನ ಪ್ರತಿ ವೋಲ್ಟಿಗೆ 250 ಓಮ್. 400 ವೋಲ್ಟಿನ ಕಾರಿಗೆ ಲೆಕ್ಕ 100 ಕಿಲೋ ಓಮ್ ಬರುತ್ತದೆ, ತಪಾಸಕರು ಪೆಟ್ಟಿಗೆಯಿಂದ 100 ಕಿಲೋ ಓಮ್ ತೆಗೆದು ಚುಚ್ಚುತ್ತಾರೆ. ಆದರೆ ರೆಸಿಸ್ಟರ್ ಚುಚ್ಚುವ ಅಳತೆಯ ಸಾಕೆಟ್ಟಿನ ಹಿಂದೆ, ಮುಟ್ಟಿದವರನ್ನು ಕಾಪಾಡಲೆಂದು ಒಂದು ರೆಸಿಸ್ಟರ್ ಮೊದಲೇ ಕೂತಿರುತ್ತದೆ. 400 ವೋಲ್ಟಿನ ಕಾರಿನಲ್ಲಿ ಅದು 10 ಕಿಲೋ ಓಮ್. ಅದನ್ನು ಕಳೆದು 90 ಕಿಲೋ ಓಮ್ ಹಾಕಿದರೆ ಮಾತ್ರ ಪರೀಕ್ಷೆ ನಿಯಮದ ಪ್ರಕಾರ ನಡೆದಂತೆ. ಒಂದು ಮೇಜಿನಲ್ಲಿ 90, ಇನ್ನೊಂದರಲ್ಲಿ 100 ಹಾಕಿ ನೋಡಿದರೆ ಎರಡು ಕಾರುಗಳು ಎರಡು ಬೇರೆ ಪರೀಕ್ಷೆ ಬರೆದಂತಾಗುತ್ತದೆ. ಲೆಕ್ಕವನ್ನು ತಪಾಸಕರ ನೆನಪಿಗೆ ಬಿಡದೆ ಚೆಕ್‌ಶೀಟಿನಲ್ಲೇ ಮುದ್ರಿಸಿ: ಗರಿಷ್ಠ ವೋಲ್ಟೇಜ್, ಗುಣಿಸು 250, ಕಳೆ ರಕ್ಷಣಾ ರೆಸಿಸ್ಟರ್.

ಇದೇ ಸಾಕೆಟ್ಟುಗಳಲ್ಲಿ ಮೀಟರ್ ಇಟ್ಟು ಶಟ್‌ಡೌನ್ ಬಟನ್ ಒತ್ತಿ, ಐದು ಸೆಕೆಂಡಿನೊಳಗೆ ವೋಲ್ಟೇಜ್ 60ಕ್ಕಿಂತ ಕೆಳಗಿಳಿಯುವುದನ್ನೂ ನೋಡಿ. ಇಳಿಯದಿದ್ದರೆ ಕಾರಿನ ಬಳಿಯಿಂದ ಎಲ್ಲರನ್ನೂ ಹಿಂದೆ ಸರಿಸಿ, ಆಮೇಲೆ ಮಾತು.

### ವಾಲುಮೇಜು

ಟ್ಯಾಂಕ್, ರೇಡಿಯೇಟರ್, ಬ್ರೇಕ್ ದ್ರವ ಎಲ್ಲವೂ ತುಂಬಿರಬೇಕು, ತಂಡದ ಅತ್ಯಂತ ಎತ್ತರದ ಚಾಲಕ ಕೂತಿರಬೇಕು. ಅರ್ಧ ಟ್ಯಾಂಕಿನಲ್ಲಿ ಬಂದ ಕಾರನ್ನು ಮೇಜಿಗೆ ಹತ್ತಿಸಬೇಡಿ. ಕಾರಿನ ಕೆಳಗೆ ಬಿಳಿ ಕಾಗದ ಹಾಸಿದರೆ ಒಂದೇ ಹನಿಯೂ ಕಣ್ಣಿಗೆ ಬೀಳುತ್ತದೆ, ‘ಅದು ಹಳೆಯ ಎಣ್ಣೆ ಸಾರ್’ ಎಂಬ ವಾದಕ್ಕೂ ಎಡೆಯಿರುವುದಿಲ್ಲ.

### ಬ್ರೇಕ್ ಪರೀಕ್ಷೆ

ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು ಎಂಬುದು ಓದಲು ಸರಳ, ನೋಡಲು ಕಷ್ಟ. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಯಲ್ಲಿ ಬ್ರೇಕ್ ಲೇನಿನ ಬದಿಯಲ್ಲಿ ನಾವು ಮೂವರು ನಿಂತಿದ್ದೆವು. ಬೆಳಗಿನ ಮೂರನೆಯ ಕಾರು ಬಂದು ನಿಂತಾಗ ಇಬ್ಬರು ‘ಲಾಕ್ ಆಯಿತು’ ಎಂದೆವು, ಒಬ್ಬರು ‘ಬಲ ಹಿಂಚಕ್ರ ಉರುಳಿತು’ ಎಂದರು. ಎರಡು ಮತಕ್ಕೆ ಒಂದು ಎಂದು ಸ್ಟಿಕರ್ ಕೊಡುವವರಿದ್ದೆವು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತನ್ನ ಫೋನಿನ ನಿಧಾನಗತಿಯ ವಿಡಿಯೊ ತಂದು ತೋರಿಸಿದಳು: ಮೂರು ಚಕ್ರ ನಿಂತಿದ್ದವು, ಬಲ ಹಿಂಚಕ್ರದ ಮೇಲಿನ ಬಿಳಿ ಅಕ್ಷರಗಳು ನಿಧಾನವಾಗಿ ಒಂದು ಸುತ್ತು ಹೊರಳಿದವು. ತಪ್ಪಾಗಿ ನೋಡಿದ ಇಬ್ಬರಲ್ಲಿ ನಾನೂ ಒಬ್ಬ.

ಆಮೇಲೆ ನಾವು ಮಾಡಿಕೊಂಡ ವ್ಯವಸ್ಥೆ ಇಷ್ಟೇ, ನೀವೂ ಹಾಗೇ ಮಾಡಿ. ನಾಲ್ಕೂ ಟೈರಿನ ಪಕ್ಕೆಗೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಬ್ರೇಕ್ ಹಾಕುವ ಕೋನ್‌ನ ಎರಡೂ ಬದಿಯಲ್ಲಿ, ಅಡೆತಡೆಯ ಹಿಂದೆ, ಸ್ಟ್ಯಾಂಡಿನ ಮೇಲೆ ಫೋನ್ ಇಡಿ. ಕಾರು ನಿಂತ ಮೇಲೆ ವಿಡಿಯೊ ನೋಡಿಯೇ ತೀರ್ಪು ಬರೆಯಿರಿ. ವಿದ್ಯುತ್ ಕಾರಿನಲ್ಲಿ ಚಾಲಕ ವೇಗ ಪಡೆದು, ಅಧಿಕ ವೋಲ್ಟೇಜ್ ಮಂಡಲವನ್ನು ಆಫ್ ಮಾಡಿ, ಬಳಿಕ ಬ್ರೇಕ್ ಒತ್ತಬೇಕು. ಮೋಟರಿನ ತಡೆ ಹೈಡ್ರಾಲಿಕ್ ಬ್ರೇಕಿನ ದೌರ್ಬಲ್ಯವನ್ನು ಮುಚ್ಚಿಡಬಾರದು ಎಂಬುದೇ ಇದರ ಉದ್ದೇಶ.

## ಹಂತ 6: ಸಾಲು ಮತ್ತು ಮರುತಪಾಸಣೆ

ತಪಾಸಣೆಯಲ್ಲಿ ಫೇಲ್ ಆದ ಕಾರು ಸಾಲಿನ ಕೊನೆಗೆ ಹೋಗತಕ್ಕದ್ದು. ಮೇಜಿನ ಪಕ್ಕದಲ್ಲೇ ರಿಪೇರಿಗೆ ಅವಕಾಶ ಕೊಟ್ಟರೆ ಇಡೀ ದಿನ ಕೈತಪ್ಪುತ್ತದೆ. ಒಂದೇ ಭೇಟಿಯಲ್ಲಿ ಎಲ್ಲ ದೋಷಗಳನ್ನೂ ಬರೆದುಕೊಡಿ, ಮೊದಲ ದೋಷಕ್ಕೇ ನಿಲ್ಲಿಸಬೇಡಿ. ಸ್ಟಿಕರ್ ಬಿದ್ದ ಮೇಲೆ ತಂಡ ಯಾವುದಾದರೂ ಭಾಗ ಬದಲಿಸಿದರೆ ಆ ಸ್ಟಿಕರ್ ರದ್ದು. ಇದನ್ನು ಕಂಡುಹಿಡಿಯಲು ಸ್ಟಿಯರಿಂಗ್, ಸಸ್ಪೆನ್ಶನ್ ಮತ್ತು ಹಾರ್ನೆಸ್ ಬೋಲ್ಟುಗಳ ಮೇಲೆ ಆ ದಿನದ ಬಣ್ಣದಲ್ಲಿ ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ.

ಬ್ಯಾಟರಿಗಳ ವಿಷಯದಲ್ಲಿ ಕೆಲವು ಸೂಚನೆ ಕಂಡರೆ ಸಾಲು, ಸಮಯ, ಅಂಕ ಯಾವುದನ್ನೂ ನೋಡದೆ ಕೆಲಸ ನಿಲ್ಲಿಸಿ: ಸುಮ್ಮನಿದ್ದಾಗಲೂ ಏರುವ ಉಷ್ಣತೆ, ಉಬ್ಬಿದ ಸೆಲ್, ಸಿಹಿಯಾದ ದ್ರಾವಕದ ವಾಸನೆ, ಒಂದೇ ಸೆಲ್ಲಿನ ವೋಲ್ಟೇಜ್ ಉಳಿದವುಗಳಿಂದ ದೂರ ಸರಿಯುವುದು. ಅಂಥ ಪೆಟ್ಟಿಗೆಯನ್ನು ಕಟ್ಟಡದಿಂದ ದೂರ ಬಯಲಿಗೆ ಸಾಗಿಸಲು ಕೈಗಾಡಿಯನ್ನೂ ದಾರಿಯನ್ನೂ ಮೊದಲೇ ಗೊತ್ತುಮಾಡಿರಬೇಕು. ಒಣಪುಡಿಯ ಅಗ್ನಿಶಾಮಕ ಜ್ವಾಲೆಯನ್ನು ಅಡಗಿಸಬಹುದು, ಒಳಗಿನ ಸೆಲ್ಲುಗಳನ್ನು ತಣ್ಣಗಾಗಿಸುವುದಿಲ್ಲ. ತಣಿಸಲು ಬಹಳ ನೀರು ಬೇಕು, ಆದ್ದರಿಂದ ಅಗ್ನಿಶಾಮಕ ದಳಕ್ಕೆ ಮೊದಲೇ ತಿಳಿಸಿಡಿ.

## ಹಂತ 7: ವೇಗವನ್ನು ಟ್ರ್ಯಾಕಿನಿಂದಲೇ ಕಟ್ಟಿಹಾಕಿ

‘ನಿಧಾನವಾಗಿ ಓಡಿಸಿ’ ಎಂಬ ಸೂಚನೆಗೆ ಹಸಿರು ಬಾವುಟ ಬೀಸುವ ತನಕ ಮಾತ್ರ ಆಯುಷ್ಯ. ಜರ್ಮನಿಯ ಪುಸ್ತಕ ಆಟೋಕ್ರಾಸ್‌ನಲ್ಲಿ (ಕೋನ್ ಇಟ್ಟ ತಿರುವುದಾರಿಯಲ್ಲಿ ಗಡಿಯಾರಕ್ಕೆ ಎದುರಾಗಿ ಓಡುವ ಸುತ್ತು) ನೇರದಾರಿ 80 ಮೀಟರ್ ಮೀರಬಾರದು, ಟ್ರ್ಯಾಕಿನ ಅಗಲ 3 ಮೀಟರಿಗಿಂತ ಕಡಿಮೆಯಿರಬಾರದು ಎಂದು ಹೇಳುವುದು ಕಾರಿನ ವೇಗವನ್ನು ದಾರಿಯ ಆಕಾರದಿಂದಲೇ ಹಿಡಿದಿಡಲು. ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಟ್ರ್ಯಾಕ್ ಹಾಕುವವರು ವಿದ್ಯುತ್ ಕಂಬ, ಮರ, ಮೋರಿಯ ಅಂಚು ಇವುಗಳನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ, ನೇರದಾರಿಯ ಕೊನೆ ಅವುಗಳತ್ತ ಮುಖ ಮಾಡದಂತೆ ಕೋನ್ ಇಡಬೇಕು. ಪ್ರೇಕ್ಷಕರು ತಿರುವಿನ ಹೊರಬದಿಯಲ್ಲಿ ನಿಲ್ಲತಕ್ಕದ್ದಲ್ಲ. ಫೋಟೋ ತೆಗೆಯುವವರಿಗೂ ಇದರಲ್ಲಿ ವಿನಾಯಿತಿ ಇಲ್ಲ. ಬಿದ್ದ ಕೋನ್ ಎತ್ತಲು ಮಾರ್ಷಲ್ (ಟ್ರ್ಯಾಕ್ ಕಾಯುವ ಸ್ವಯಂಸೇವಕ) ಟ್ರ್ಯಾಕಿಗೆ ಇಳಿಯುವ ಮುನ್ನ ಪಕ್ಕದ ಮಾರ್ಷಲ್ ಠಾಣೆಯವರು ಬಾವುಟ ತೋರಿಸಿರಬೇಕು ಎಂಬ ಒಂದು ಅಭ್ಯಾಸವನ್ನು ಹಿಂದಿನ ದಿನವೇ, ಕಾರಿಲ್ಲದೆ, ಹತ್ತು ಸಲ ಮಾಡಿಸಿ.

## ಹಂತ 8: ವಿನ್ಯಾಸದ ತೀರ್ಪುಗಾರರನ್ನು ಒಂದೇ ತಕ್ಕಡಿಗೆ ತನ್ನಿ

ಸಾವಿರ ಅಂಕಗಳ ಸ್ಪರ್ಧೆಯಲ್ಲಿ ವಿನ್ಯಾಸಕ್ಕೆ 150 ಅಂಕಗಳಿವೆ. ಟ್ರ್ಯಾಕಿನ ಮೇಲಿನ ವಿಭಾಗಗಳಲ್ಲಿ ಗಡಿಯಾರವೋ ಮೀಟರೋ ಅಂಕ ಕೊಡುತ್ತದೆ. ಇಲ್ಲಿ ಮನುಷ್ಯರು ಕೊಡುತ್ತಾರೆ, ಹಾಗಾಗಿ ದೂರು ಬರುವುದೂ ಇಲ್ಲಿಯೇ.

ಮೊದಲ ದಿನ ಬೆಳಿಗ್ಗೆ ಎಲ್ಲ ತೀರ್ಪುಗಾರರೂ ಒಂದೇ ಕಾರನ್ನು, ಸಾಧ್ಯವಾದರೆ ಸ್ಪರ್ಧೆಯಲ್ಲಿಲ್ಲದ ಹಳೆಯ ಕಾರನ್ನು, ಬೇರೆ ಬೇರೆಯಾಗಿ ಅಂಕ ಹಾಕಿ ನೋಡಬೇಕು. ಸಸ್ಪೆನ್ಶನ್‌ಗೆ ಒಬ್ಬರು 20ರಲ್ಲಿ 8, ಇನ್ನೊಬ್ಬರು 16 ಕೊಟ್ಟಿದ್ದರೆ ಇಬ್ಬರೂ ಕಾರಣ ಹೇಳಲಿ. ಆ ಚರ್ಚೆಯಿಂದ ಹುಟ್ಟಿದ ಒಪ್ಪಂದವನ್ನು ಅಂಕದ ಹಾಳೆಯ ಮೇಲೆ ಬರೆದಿಡಿ: ಆಯ್ಕೆಗೆ ಕಾರಣ ಹೇಳಿದರೆ ಇಷ್ಟು, ಲೆಕ್ಕ ತೋರಿಸಿದರೆ ಇಷ್ಟು, ಟ್ರ್ಯಾಕಿನಲ್ಲಿ ಅಳೆದ ದತ್ತಾಂಶದಿಂದ ಆ ಲೆಕ್ಕವನ್ನು ತಾಳೆ ನೋಡಿದ್ದರೆ ಇಷ್ಟು. ಎರಡು ಗುಂಪುಗಳಾಗಿ ತೀರ್ಪುಗಾರರು ಕೆಲಸ ಮಾಡುವುದಾದರೆ ಎರಡು ಮೂರು ಕಾರುಗಳನ್ನಾದರೂ ಎರಡೂ ಗುಂಪಿನವರು ನೋಡಲಿ. ಒಂದು ಗುಂಪು ಧಾರಾಳಿಯೋ ಜಿಪುಣವೋ ಎಂಬುದು ಆ ಕಾರುಗಳಿಂದ ತಿಳಿಯುತ್ತದೆ. ಮೇಲಿನ ಸ್ಥಾನಗಳನ್ನು ಮಾತ್ರ ಕೊನೆಗೆ ಒಂದೇ ಗುಂಪು ಮತ್ತೆ ನೋಡಿ ನಿರ್ಧರಿಸಲಿ.

ತೀರ್ಪುಗಾರರಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪುಗಳು ಎರಡು. ಒಂದು, ಬೆಲೆಬಾಳುವ ಭಾಗ ಕಂಡೊಡನೆ ಅಂಕ ಏರಿಸುವುದು: ಕಾರ್ಬನ್ ಫೈಬರ್ ಹಾಕಿದವರನ್ನು ಏಕೆ ಹಾಕಿದಿರಿ ಎಂದು ಕೇಳುವವರಿಲ್ಲ, ಉಕ್ಕಿನ ಕೊಳವೆ ಹಾಕಿದವರನ್ನು ಮಾತ್ರ ಸಮರ್ಥಿಸಿಕೊಳ್ಳಲು ಹೇಳಲಾಗುತ್ತದೆ. ಇನ್ನೊಂದು, ಇಂಗ್ಲಿಷ್ ನಿರರ್ಗಳತೆಯನ್ನು ತಿಳಿವಳಿಕೆ ಎಂದು ಎಣಿಸುವುದು. ಹಾಸನದ ಕಡೆಯ ಹುಡುಗನೊಬ್ಬ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಗ್ಗೆ ತಡವರಿಸುತ್ತಿದ್ದವನು, ಕೈಗೆ ಪೆನ್ನು ಕೊಟ್ಟೊಡನೆ ಬಲ ಮತ್ತು ವೇಗದ ನಕ್ಷೆ ಬರೆದು ಇಳಿಜಾರು ಎಲ್ಲಿ ಬದಲಾಗಬೇಕು, ಏಕೆ ಎಂದು ತೋರಿಸಿದ. ಪ್ರತಿ ಮೇಜಿನ ಮೇಲೂ ಬಿಳಿ ಹಾಳೆ ಇಡಿ, ಬರೆದು ತೋರಿಸಿದ್ದಕ್ಕೂ ಮಾತಿನಷ್ಟೇ ಬೆಲೆ ಎಂದು ಮೊದಲೇ ಹೇಳಿಬಿಡಿ.

ತಮ್ಮ ಕಾಲೇಜಿನ ಅಥವಾ ತಾವು ಸಲಹೆ ಕೊಟ್ಟ ತಂಡವನ್ನು ಯಾರೂ ಅಳೆಯತಕ್ಕದ್ದಲ್ಲ. ಹೆಸರು ನೋಂದಾಯಿಸುವಾಗಲೇ ಲಿಖಿತ ಹೇಳಿಕೆ ಪಡೆಯಿರಿ. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳೇ ತೀರ್ಪುಗಾರರಾಗಿ ಬರುವುದರಿಂದ ಇದು ಮುಜುಗರದ ವಿಷಯ, ಆದರೂ ಕೇಳಿ.

## ಹಂತ 9: ಆಕ್ಷೇಪಣೆಗೆ ಬಾಗಿಲು, ಬಾಗಿಲಿಗೆ ಚಿಲಕ

ಫಲಿತಾಂಶ ಪ್ರಕಟವಾದ ಅರ್ಧ ಗಂಟೆಯೊಳಗೆ ಲಿಖಿತ ಆಕ್ಷೇಪಣೆ, ಅದಕ್ಕೆ 25 ಅಂಕಗಳ ಪಣ, ಆಕ್ಷೇಪಣೆ ಬಿದ್ದುಹೋದರೆ ಪಣವೂ ಹೋಗುತ್ತದೆ ಎಂಬ ಎಫ್‌ಎಸ್‌ಎಇ ಪದ್ಧತಿ ಸರಳವಾಗಿದೆ, ಹಾಗೇ ತೆಗೆದುಕೊಳ್ಳಿ. ಆಕ್ಷೇಪಣೆಯನ್ನು ಮೂಲ ತೀರ್ಪು ಕೊಟ್ಟವರಲ್ಲದ ಮೂವರು ಕೇಳಲಿ. ಸುರಕ್ಷತೆಯ ಕಾರಣಕ್ಕೆ ಕಾರು ನಿಲ್ಲಿಸಿದ ನಿರ್ಧಾರ ಮಾತ್ರ ಆಕ್ಷೇಪಣೆಯ ಅವಧಿಯಲ್ಲೂ ಜಾರಿಯಲ್ಲಿರತಕ್ಕದ್ದು. ಪ್ರತಿ ತೀರ್ಪನ್ನೂ ನಿಯಮ ಸಂಖ್ಯೆ ಮತ್ತು ಅಳತೆಯ ಸಮೇತ ಎರಡು ವಾಕ್ಯದಲ್ಲಿ ಬರೆದು ಫಲಕಕ್ಕೆ ಅಂಟಿಸಿ. ಮಧ್ಯಾಹ್ನ ಅದೇ ಪ್ರಶ್ನೆಯೊಂದಿಗೆ ಇನ್ನೊಂದು ತಂಡ ಬರುವುದು ಖಚಿತ.

## ಹಂತ 10: ಮುಂದಿನ ವರ್ಷದ ನಿಯಮಕ್ಕೆ ಈ ವರ್ಷದ ದಾಖಲೆ

ಅಪಘಾತದ ವರದಿಗಿಂತ ತಪ್ಪಿದ ಅಪಘಾತದ ವರದಿ ಹೆಚ್ಚು ಕೆಲಸಕ್ಕೆ ಬರುತ್ತದೆ, ಆದರೆ ಶಿಕ್ಷೆಯ ಭಯವಿದ್ದಲ್ಲಿ ಯಾರೂ ಅದನ್ನು ಬರೆಯುವುದಿಲ್ಲ. ಮಾರ್ಷಲ್ ಠಾಣೆಗಳಲ್ಲಿ ಮತ್ತು ಪಿಟ್‌ನಲ್ಲಿ ಹೆಸರು ಬೇಡದ ಚೀಟಿಯ ಡಬ್ಬ ಇಡಿ: ಸಮಯ, ಜಾಗ, ಏನಾಯಿತು, ಏನಾಗಬಹುದಿತ್ತು ಎಂಬ ನಾಲ್ಕು ಸಾಲು. ಸ್ಪರ್ಧೆ ಮುಗಿದ ಎರಡು ವಾರದೊಳಗೆ ಆ ಚೀಟಿಗಳನ್ನೂ, ಅತಿ ಹೆಚ್ಚು ಕಾರುಗಳು ಫೇಲ್ ಆದ ಚೆಕ್‌ಶೀಟಿನ ಸಾಲುಗಳನ್ನೂ, ಫಲಕದ ತೀರ್ಪುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಕೂರಿ. ಅರ್ಧಕ್ಕಿಂತ ಹೆಚ್ಚು ತಂಡಗಳು ಒಂದೇ ಸಾಲಿನಲ್ಲಿ ಬಿದ್ದಿದ್ದರೆ ವಿದ್ಯಾರ್ಥಿಗಳ ಅಸಡ್ಡೆ ಎನ್ನುವ ಮೊದಲು ಆ ವಾಕ್ಯವನ್ನು ಹಂತ 3ರ ಪ್ರಕಾರ ಮತ್ತೆ ಓದಿ.

ಬದಲಾವಣೆಗಳನ್ನು ಎರಡು ಗುಂಪು ಮಾಡಿ. ಚಾಸಿ, ರೋಲ್ ಹೂಪ್, ಬ್ಯಾಟರಿ ಪೆಟ್ಟಿಗೆಯ ರಚನೆ ಮುಟ್ಟುವ ನಿಯಮಗಳಿಗೆ ಒಂದು ವರ್ಷದ ಮುನ್ಸೂಚನೆ ಕೊಡಿ, ಏಕೆಂದರೆ ತಂಡಗಳು ಮಳೆಗಾಲ ಮುಗಿಯುವುದರೊಳಗೆ ಕೊಳವೆ ಕತ್ತರಿಸಿ ಬೆಸುಗೆ ಹಾಕಿರುತ್ತವೆ. ಜೀವಕ್ಕೆ ನೇರ ಅಪಾಯವಿರುವ ಬದಲಾವಣೆಯನ್ನು ಮಾತ್ರ ಸಂಖ್ಯೆ ಮತ್ತು ದಿನಾಂಕವಿರುವ ಸುರಕ್ಷತಾ ಸುತ್ತೋಲೆಯಾಗಿ ಕೂಡಲೇ ಹೊರಡಿಸಿ, ಪ್ರತಿ ತಂಡದ ನಾಯಕರಿಂದಲೂ ಅಧ್ಯಾಪಕರಿಂದಲೂ ಓದಿದ್ದೇವೆ ಎಂಬ ಸಹಿ ಪಡೆಯಿರಿ. ಹೊಸ ನಿಯಮದ ಕರಡು ಸಿದ್ಧವಾದ ದಿನ ಅದನ್ನು ಆ ವರ್ಷವೇ ತಪಾಸಣೆಗೆ ಬಂದ ಒಬ್ಬ ಹೊಸ ಸ್ವಯಂಸೇವಕನ ಕೈಗೆ ಕೊಟ್ಟು, ಹಳೆಯ ಕಾರಿನ ಮುಂದೆ ನಿಲ್ಲಿಸಿ, ಯಾರೂ ಬಾಯಿ ಬಿಡದೆ ನೋಡಿ. ಅವನು ಯಾವ ಸಲಕರಣೆಯನ್ನೂ ಎತ್ತಿಕೊಳ್ಳದೆ ನಿಮ್ಮ ಮುಖ ನೋಡಿದರೆ ಕರಡನ್ನು ವಾಪಸ್ ತೆಗೆದುಕೊಳ್ಳಿ.